ಜಾಲರಿ ಮೇಲೆ ಕುಂಡ ಇಡಬೇಡಿ

ಸಿಡ್ನಿ, ಮೆಲ್ಬರ್ನ್‌ನಲ್ಲಿ ಹಳೇ ಮನೆ ಕೊಂಡಿರುವ ನಮ್ಮವರಿಗೆ ಒಂದು ಮಾತು. ಹೊರಗೆ ಗೋಡೆ ಪಕ್ಕ, ನೆಲಕ್ಕಿಂತ ತುಸು ಎತ್ತರಕ್ಕೆ ಒಂದು ಜಾಲರಿ ಮುಚ್ಚಳ ಇರುತ್ತೆ, ನೋಡಿದ್ದೀರಾ? ಅದು ಓವರ್‌ಫ್ಲೋ ಗಲ್ಲಿ. ಒಳಚರಂಡಿ ಕಟ್ಟಿಕೊಂಡರೆ ಗಲೀಜು ನೀರು ಬಚ್ಚಲಲ್ಲಿ ಉಕ್ಕದೆ ಅಲ್ಲಿಂದ ಅಂಗಳಕ್ಕೆ ಹೋಗಲಿ ಅಂತ ಇಟ್ಟಿರೋದು. ಮನೆಯೊಳಗಿನ ಅತಿ ತಗ್ಗಿನ ಡ್ರೇನ್‌ಗಿಂತ ಅದು ಕನಿಷ್ಠ 150 ಮಿ.ಮೀ. ಕೆಳಗಿರಬೇಕು, ಮುಚ್ಚಳ ಸಡಿಲವಾಗಿ ಕೂತಿರಬೇಕು. ಮೊನ್ನೆ ಪರಿಚಯದವರ ಮನೆಯಲ್ಲಿ ನೋಡಿದರೆ ಅದರ ಮೇಲೇ ಕರಿಬೇವಿನ ಕುಂಡ! ಕೆಲವರು ಟೈಲ್ಸ್ ಹಾಕಿಸುವಾಗ ಪೂರ್ತಿ ಮುಚ್ಚಿಸಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಭಯ ಹುಟ್ಟಿಸುತ್ತೆ.

ಇನ್ನು, ಹಾಗೆ ಮನೆಯೊಳಗೇ ಉಕ್ಕಿದರೆ ಇನ್ಶೂರೆನ್ಸ್ ಕಥೆ. ಪಾಲಿಸಿಯಲ್ಲಿ ‘ಫ್ಲಡ್’ ಇದೆ ಅಂತ ನೆಮ್ಮದಿಯಾಗಿರಬೇಡಿ. 2012ರಲ್ಲಿ ಸರ್ಕಾರ ಎಲ್ಲ ಕಂಪನಿಗಳಿಗೂ ಒಂದೇ ವ್ಯಾಖ್ಯೆ ಕೊಟ್ಟಿತು: ನದಿ, ಹಳ್ಳ, ಕೆರೆ, ಅಣೆಕಟ್ಟಿನ ನೀರು ದಡ ಮೀರಿ ಒಣ ನೆಲಕ್ಕೆ ನುಗ್ಗಿದರೆ ಅದು ಫ್ಲಡ್. ಟಾಯ್ಲೆಟ್‌ನಿಂದ ಉಕ್ಕಿದ್ದು ಬೇರೆ ಲೆಕ್ಕ. ಹಾಳಾದ ಕಾರ್ಪೆಟ್, ಗೋಡೆಗೆ ದುಡ್ಡು ಕೊಡುವ ಪಾಲಿಸಿಯೂ ಬೇರು ನುಗ್ಗಿ ಒಡೆದ ಹಳೇ ಮಣ್ಣಿನ ಪೈಪಿನ ರಿಪೇರಿಗೆ ಸಾಮಾನ್ಯವಾಗಿ ಕೊಡಲ್ಲ; ಮನೆಯಿಂದ ಮುಖ್ಯ ಒಳಚರಂಡಿವರೆಗಿನ ಆ ಪೈಪು ಮನೆಯವರದ್ದೇ ಜವಾಬ್ದಾರಿ. ನಿಧಾನಕ್ಕೆ ಜಿನುಗಿ ಆದ ಹಾನಿಯನ್ನೂ ಬಹುತೇಕ ಕಂಪನಿಗಳು ಒಪ್ಪಲ್ಲ.

ಪಾಲಿಸಿಯಿಂದ ಪಾಲಿಸಿಗೆ ಷರತ್ತು ಬದಲಾಗುತ್ತೆ. ರಿನ್ಯೂವಲ್‌ಗೆ ಮುಂಚೆ ಪಿ.ಡಿ.ಎಸ್. (ಪಾಲಿಸಿಯ ಷರತ್ತುಗಳ ಪುಸ್ತಿಕೆ) ತೆಗೆದು ಓದಿ, ಕಂಪನಿಯವರನ್ನು ಒಳಚರಂಡಿ ಉಕ್ಕಿದರೆ, ಮರದ ಬೇರಿನಿಂದ ಪೈಪ್ ಒಡೆದರೆ ಏನು ಕೊಡ್ತೀರಿ ಅಂತ ಕೇಳಿ. ಉತ್ತರವನ್ನು ಈಮೇಲ್‌ನಲ್ಲೇ ತರಿಸಿಕೊಳ್ಳಿ.