ನಡ ಹಿಡಿದ ನಾಡಿನಲ್ಲಿ ಒಂದು ಸುತ್ತು

ರಾಯಚೂರಿನ ಕೋಟೆ ನೋಡಲು ಹೋದವರು ತಪ್ಪದೆ ನೋಡಬೇಕಾದ ಕಲ್ಲೊಂದು ಅಲ್ಲಿದೆ. ಉದ್ದ 41 ಅಡಿ 8 ಅಂಗುಲ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ವಿಠ್ಠಲನಾಥ ಈ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಸನಿಹದಲ್ಲೇ ಆ ಕಲ್ಲನ್ನು ತಂದ ಬಗೆಯ ಚಿತ್ರವನ್ನೂ ಕೊರೆದಿದ್ದಾರೆ. ಗಾಡಿಯ ಮೇಲೆ ಹೇರಿದ ಬಂಡೆ, ಮುಂದೆ ಜೋಡಿ ಜೋಡಿಯಾಗಿ ಹೂಡಿದ ಜಾನುವಾರುಗಳ ಉದ್ದ ಸಾಲು, ಗಾಲಿಗೆ ಸನ್ನೆಗೋಲು ಕೊಡುತ್ತಿರುವ ಆಳುಗಳು. ಅಷ್ಟು ದೊಡ್ಡ ಭಾರಕ್ಕೆ ಅಂದಿನವರು ನೆಚ್ಚಿದ್ದು ಗಾಲಿಯನ್ನು, ಸನ್ನೆಯನ್ನು, ಹಲವರ ಕೂಡು ಬಲವನ್ನು.

ಕೋಟೆ ಬಿಟ್ಟು ರಾಜೇಂದ್ರ ಗಂಜ್‌ಗೆ ಬಂದರೆ ನೋಟ ಬದಲಾಗುತ್ತದೆ. ಹತ್ತಿ, ಭತ್ತ, ತೊಗರಿಯ ಸುಗ್ಗಿಯಲ್ಲಿ ಇಲ್ಲಿ ಚೀಲಗಳು ಏರುವುದು ಹಮಾಲರ ಬೆನ್ನನ್ನೇ. ಒಬ್ಬ ಗಂಡಾಳು ಪದೇ ಪದೇ ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಐವತ್ತು ಕಿಲೋದ ಚೀಲವೂ ದಿನಕ್ಕೆ ನೂರಾರು ಸಲ ಹೆಗಲೇರಿದರೆ ಹಗುರವೇನಲ್ಲ. ‘ನಡಾ ಹಿಡದದ’ ಎನ್ನುವ ಮಾತು ಈ ಸೀಮೆಯಲ್ಲಿ ಮನೆಮನೆಯಲ್ಲೂ ಕೇಳಿಬರುತ್ತದೆ.

ಈ ನೋವು ರಾಯಚೂರಿನದಷ್ಟೇ ಅಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು. ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಜನರಲ್ಲಿ ಇಂಥದೇ ಮೂಳೆ, ಇಂಥದೇ ಡಿಸ್ಕು ಕಾರಣವೆಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕಾರಣ ಹುಡುಕಬೇಕಾದದ್ದು ದಿನ ಕಳೆಯುವ ರೀತಿಯಲ್ಲಿ.

ಮಾನ್ವಿಯ ಕೆಸರುಗದ್ದೆ

ರಾಯಚೂರಿನಿಂದ ನೈಋತ್ಯಕ್ಕೆ ಹೊರಟ ಬಸ್ಸು ಕಲ್ಲೂರು ದಾಟಿ ಮಾನ್ವಿ ಸೇರುತ್ತದೆ. ಜಗನ್ನಾಥದಾಸರ ಊರು ಇದು. ವಿಜಯದಾಸರ ಚೀಕಲಪರವಿಯೂ ಇದೇ ತಾಲ್ಲೂಕಿನದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಗದ್ದೆಗಳಲ್ಲಿ ಹೆಣ್ಣುಮಕ್ಕಳ ಸಾಲು ಕಾಣುತ್ತದೆ. ಮೊಣಕಾಲುದ್ದ ಸೀರೆ ಎತ್ತಿ ಕಟ್ಟಿ, ಎಡಗೈಯಲ್ಲಿ ಸಸಿಯ ಹಿಡಿ, ಬಲಗೈಯಿಂದ ನಾಟಿ. ಬೆಳಗಿನಿಂದ ಸಂಜೆಯವರೆಗೆ ನಡು ಬಗ್ಗಿದ್ದು ಬಗ್ಗಿದ್ದೇ. ಹೊರುವ ಭಾರ ಏನೂ ಇಲ್ಲ. ಆದರೂ ರಾತ್ರಿ ಮಗ್ಗುಲು ಬದಲಿಸಲಾರದಷ್ಟು ನೋವು.

ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದೂ ನಡುವಿಗೆ ಭಾರವೇ. ಬಗ್ಗಿದಾಗ ದೇಹದ ಮೇಲ್ಭಾಗದ ತೂಕವನ್ನೆಲ್ಲ ಬೆನ್ನಿನ ಸ್ನಾಯುಗಳು, ಕಟ್ಟುಗಳು ತಡೆಹಿಡಿಯಬೇಕಾಗುತ್ತದೆ. ಸಾಲಿನ ತುದಿ ಮುಟ್ಟಿದಾಗಲೆಲ್ಲ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ನಾಲ್ಕಾರು ಸಲ ಹಿಂದಕ್ಕೆ ಬಾಗಿದರೆ ಅವು ಉಸಿರಾಡುತ್ತವೆ. ನಾಟಿಯಿಲ್ಲದೆ ಕೂರಿಗೆಯಲ್ಲೇ ಭತ್ತ ಬಿತ್ತುವ ಪದ್ಧತಿ ಈ ಭಾಗದಲ್ಲಿ ಹಬ್ಬಿದೆ. ಅದರಿಂದ ನಡು ಉಳಿಯುತ್ತದೆ, ಆದರೆ ನಾಟಿಯ ಕೂಲಿಯನ್ನೇ ನಂಬಿದ ಮನೆಗೆ ಆ ದಿನಗಳ ಗಳಿಕೆ ಹೋಗುತ್ತದೆ. ನೋವಿನ ಲೆಕ್ಕದ ಜೊತೆಗೆ ಹೊಟ್ಟೆಯ ಲೆಕ್ಕವೂ ಇದೆ.

ದೇವದುರ್ಗದ ದಾರಿ

ಮಾನ್ವಿಯಿಂದ ಉತ್ತರಕ್ಕೆ, ಸಿರವಾರದ ಮೇಲೆ ಹಾದರೆ ಕೃಷ್ಣೆಯ ಕಡೆಯ ದೇವದುರ್ಗ. ಎರೆ ಹೊಲದಲ್ಲಿ ಹತ್ತಿ ಬಿಡಿಸುವವರು ಉಡಿ ತುಂಬಿದಂತೆಲ್ಲ ಒಂದೇ ಕಡೆಗೆ ವಾಲುತ್ತಾರೆ. ಮನೆಗೆ ಬಂದರೆ ಕೊಡ ಹೊರುವುದು, ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು. ದುಡಿಮೆ ಅರಸಿ ಬೆಂಗಳೂರಿನ ಕಟ್ಟಡಗಳಿಗೆ ಹೋದವರಿಗೆ ಅಲ್ಲಿಯೂ ಇಟ್ಟಿಗೆ, ಸಿಮೆಂಟು.

ಭಾರ ಎತ್ತಲೇಬೇಕಾದಾಗ ನೆನಪಿಡಬೇಕಾದವು ಸರಳ. ವಸ್ತುವಿನ ಹತ್ತಿರ ನಿಲ್ಲಬೇಕು, ಮೊಣಕಾಲು ಮಡಚಬೇಕು, ಎದೆಗೆ ಒತ್ತಿ ಹಿಡಿದು ಏಳಬೇಕು. ಭಾರ ಕೈಯಲ್ಲಿದ್ದಾಗ ಸೊಂಟ ತಿರುವದೆ ಪಾದ ತಿರುಗಿಸಬೇಕು. ಒಂದು ದೊಡ್ಡ ಕೊಡಕ್ಕಿಂತ ಎರಡು ಕೈಗೆ ಎರಡು ಚಿಕ್ಕ ಬಿಂದಿಗೆ ಮೇಲು.

ಈ ಜಿಲ್ಲೆಯಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಬೆನ್ನು, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು. ನೀರಿನ ಪರೀಕ್ಷೆ ಮಾಡಿಸಿ ಶುದ್ಧ ನೀರಿನ ಮೂಲ ಹುಡುಕುವುದೇ ದಾರಿ.

ಪಾಟಿಚೀಲದ ಭಾರ

ಗಬ್ಬೂರಿನ ದಾರಿಯಾಗಿ ಮತ್ತೆ ರಾಯಚೂರಿಗೆ ಬರುವ ಬಸ್ಸಿನಲ್ಲಿ ಶಾಲೆ, ಕಾಲೇಜಿನ ಮಕ್ಕಳೇ ಹೆಚ್ಚು. ಒಂದೇ ಹೆಗಲಿಗೆ ಜೋತುಬಿದ್ದ ಚೀಲ, ಬಗ್ಗಿದ ಕುತ್ತಿಗೆ, ಕೈಯಲ್ಲಿ ಮೊಬೈಲು. ಚೀಲ ಹೊತ್ತು ಮಕ್ಕಳು ಗೂನಾಗುತ್ತಿರುವ ಬಗ್ಗೆ ಮೈಸೂರಿನ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯಲ್ಲಿ ಮಾತನಾಡಿದ್ದು 1989ರಲ್ಲಿ. ಮುಂದೆ ಯಶಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ವರದಿ ಕೊಟ್ಟಿತು. ಕರ್ನಾಟಕದ ಶಿಕ್ಷಣ ಇಲಾಖೆ 2019ರಲ್ಲಿ ಒಂದು, ಎರಡನೆಯ ತರಗತಿಗೆ 2 ಕಿಲೋ, ಒಂಬತ್ತು, ಹತ್ತಕ್ಕೆ 5 ಕಿಲೋ ಮೀರಬಾರದೆಂದು ಆದೇಶಿಸಿತು. ಮಗುವಿನ ತೂಕದ ಹತ್ತನೇ ಒಂದು ಪಾಲು ಎಂಬುದು 2020ರ ರಾಷ್ಟ್ರೀಯ ನೀತಿಯ ಅಳತೆ. ಅಂದರೆ 30 ಕಿಲೋ ತೂಗುವ ಹುಡುಗಿಯ ಚೀಲ 3 ಕಿಲೋ ಒಳಗಿರಬೇಕು. ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಪರೀಕ್ಷೆಯ ದಿನಗಳಲ್ಲಿ ನೆಲದ ಮೇಲೆ ಕೂತು, ಮಡಿಲ ಪುಸ್ತಕಕ್ಕೆ ಬಾಗಿ ನಾಲ್ಕು ತಾಸು ಓದುವವರು ನಾಟಿ ಹಚ್ಚುವ ತಾಯಿಯ ಭಂಗಿಯನ್ನೇ ಮನೆಯೊಳಗೆ ಮಾಡುತ್ತಿರುತ್ತಾರೆ. ಪುಸ್ತಕವನ್ನು ಮಣೆಯ ಮೇಲೋ ಡಬ್ಬದ ಮೇಲೋ ಎತ್ತರಿಸಿ, ಬೆನ್ನನ್ನು ಗೋಡೆಗೆ ಆನಿಸಿ, ಅರ್ಧ ತಾಸಿಗೊಮ್ಮೆ ಎದ್ದು ಓಡಾಡಬೇಕು.

ನಡೆದರೆ ನಡು

ನೋವು ಬಂದರೆ ಹಾಸಿಗೆ ಹಿಡಿಯಬೇಕೆಂಬ ಹಳೆಯ ನಂಬಿಕೆ ಈಗ ಬದಲಾಗಿದೆ. ಒಂದೆರಡು ದಿನ ಕೆಲಸ ಹಗುರ ಮಾಡಿಕೊಳ್ಳಬಹುದು, ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಕೊಟ್ಟ ಮಾರ್ಗದರ್ಶಿ ದೀರ್ಘಕಾಲದ ನೋವಿಗೆ ವ್ಯಾಯಾಮ, ತಿಳಿವಳಿಕೆಗಳಿಗೆ ಒತ್ತು ಕೊಟ್ಟಿತು; ಸೊಂಟದ ಬೆಲ್ಟ್, ಎಳೆತದ ಚಿಕಿತ್ಸೆಗಳನ್ನು ಎಲ್ಲರಿಗೂ ಕೊಡುವುದು ಬೇಡವೆಂದಿತು. ಆಸ್ಟ್ರೇಲಿಯದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಡಿಗೆಯ ಅಭ್ಯಾಸ ಮಾಡಿಕೊಂಡವರಿಗೆ ನೋವು ಮರುಕಳಿಸಲು ಸರಾಸರಿ 208 ದಿನ ಹಿಡಿಯಿತು. ಉಳಿದವರಿಗೆ 112 ದಿನ. ಜೋಲುಬಿದ್ದ ಹೊರಸು ಬೇಡ; ಬರಿ ನೆಲವೇ ಆಗಬೇಕೆಂದೂ ಇಲ್ಲ. ಮಧ್ಯಮ ಗಟ್ಟಿಯ ಹಾಸಿಗೆ ಸಾಕು.

ಕೆಲವು ಲಕ್ಷಣಗಳಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು: ಕಾಲಿನ ಶಕ್ತಿ ಕುಂದುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಜ್ವರ, ತೂಕ ಇಳಿಯುವುದು, ರಾತ್ರಿಯೂ ಬಿಡದ ನೋವು. ಬೆನ್ನುಮೂಳೆಯ ಕ್ಷಯವೂ ಹೀಗೆ ಶುರುವಾಗಬಹುದು. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ‘ರಿಮ್ಸ್’ ಇದೆ.

ಸಂಜೆ ಬಸ್ಸು ನಿಲ್ದಾಣಕ್ಕೆ ಬಂದಾಗ ಕೋಟೆಯ ಗೋಡೆಗೆ ಇಳಿಬಿಸಿಲು ಬಿದ್ದಿರುತ್ತದೆ. ಕಾರಹುಣ್ಣಿಮೆಯ ಹೊತ್ತಿಗೆ ಈ ಊರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆಗೆ ಜನ ಸೇರುತ್ತಾರೆ. ಎಳೆದ ಎತ್ತಿನ ಮೈ ತಿಕ್ಕಿ, ನೀರು ಕುಡಿಸಿ, ನೆರಳಿಗೆ ಕಟ್ಟುವುದನ್ನು ಯಾವ ರೈತನೂ ಮರೆಯುವುದಿಲ್ಲ. ನಾಟಿ ಮುಗಿಸಿ ಬಂದ ಅವ್ವನ ಕೈಯಿಂದ ಕೊಡ ಇಸಿದುಕೊಳ್ಳುವುದು ಮನೆಯ ಮಕ್ಕಳ ಪಾಲಿನ ಕೆಲಸ.