ಇಲ್ಲದಾಗ ಕಾಣುವವನು

ತರ್ಕಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಅನ್ವಯ-ವ್ಯತಿರೇಕಗಳೆಂಬ ಮಾತುಗಳು ಪರಿಚಿತವಾದುವು. ಯಾವುದು ಇದ್ದರೆ ಕಾರ್ಯವು ಆಗುವುದೋ, ಯಾವುದು ಇಲ್ಲದಿದ್ದರೆ ಆಗದೋ, ಅದೇ ಆ ಕಾರ್ಯಕ್ಕೆ ಕಾರಣವೆಂದು ನಿರ್ಣಯಿಸುವ ಕ್ರಮವದು. ಪಾಠಶಾಲೆಯಲ್ಲಿ ಗುರುಗಳು ಮಣ್ಣು, ಗಡಿಗೆ, ಕುಂಬಾರ ಇವುಗಳ ದೃಷ್ಟಾಂತದಿಂದ ಇದನ್ನು ನಮಗೆ ಬೋಧಿಸಿದ್ದರು. ನಾನಾದರೋ ಈ ಪಾಠದ ಅರ್ಥವನ್ನು ಅರಿತುದು ಕಾಲ್ಚೆಂಡಿನ ಬಯಲಿನಲ್ಲಿ. ಅದೂ ಒಬ್ಬ ಬಾಲಕನಿಗೆ ಅನ್ಯಾಯವನ್ನು ಮಾಡಿದ ಬಳಿಕ.

1994ನೆಯ ಇಸವಿಯಲ್ಲಿ ನಾನು ಸಂಸ್ಕೃತೋಪಾಧ್ಯಾಯನಾಗಿದ್ದ ಪ್ರೌಢಶಾಲೆಯಲ್ಲಿ ವ್ಯಾಯಾಮದ ಮೇಷ್ಟರಿಲ್ಲದೆ ತಂಡದ ಭಾರವು ನನ್ನ ಮೇಲೆ ಬಿದ್ದಿತು. ಆಟವನ್ನು ಬಲ್ಲವನಲ್ಲದ ನಾನು ಒಂದು ಪುಸ್ತಕವನ್ನಿಟ್ಟು, ಯಾರು ಎಷ್ಟು ಗೋಲು ಹಾಕಿದರೆಂಬುದನ್ನು ತಪ್ಪದೆ ಬರೆದಿಡುತ್ತಿದ್ದೆನು. ತಾಲ್ಲೂಕಿನ ಪಂದ್ಯಕ್ಕೆ ಕೆಲವು ದಿನಗಳು ಮುಂಚೆ, ಗೋಲು ಹಾಕುವುದರಲ್ಲಿ ನಿಪುಣನಾದ ಹೊಸ ಹುಡುಗನೊಬ್ಬನು ಶಾಲೆಗೆ ಬಂದು ಸೇರಿದನು. ಹನ್ನೊಂದು ಮಂದಿಯಲ್ಲಿ ಒಬ್ಬನನ್ನು ಬಿಡಲೇಬೇಕಾಯಿತು. ಪುಸ್ತಕವನ್ನು ತೆರೆದು ನೋಡಿದೆನು. ನಡುವಿನ ಹಾಫ್‌ಬ್ಯಾಕ್ ಆಗಿ ಆಡುತ್ತಿದ್ದ ಹತ್ತನೆಯ ತರಗತಿಯ ಬಾಲಕನ ಹೆಸರಿನ ಮುಂದೆ ವರ್ಷವೆಲ್ಲ ಒಂದು ಗೀಟೂ ಬಿದ್ದಿರಲಿಲ್ಲ. ಅವನನ್ನೇ ಬಿಟ್ಟೆನು.

ಪಂದ್ಯದ ದಿನ ಅವನು ಗೆರೆಯ ಹೊರಗೆ ಜತೆಗಾರರ ಬಟ್ಟೆಬರೆಗಳನ್ನು ಕಾಯುತ್ತ ಕುಳಿತನು. ನಮ್ಮಲ್ಲಿ ಗೋಲು ಹಾಕುವವರು ಬೇಕಾದಷ್ಟು ಮಂದಿ ಇದ್ದರು. ಆದರೆ ಅವರ ಕಾಲಿಗೆ ಚೆಂಡೇ ಬರಲಿಲ್ಲ. ನಾಲ್ಕು ಗೋಲುಗಳ ಅಂತರದಿಂದ ಸೋತೆವು. ಹಿಂದಿರುಗುವಾಗ ಅವನು ಮೆಲ್ಲನೆ, “ಸಾರ್, ಅವರ ಎಡಗಡೆ ಹುಡುಗ ಯಾವಾಗಲೂ ಒಳಕ್ಕೇ ತಿರುಗುತ್ತಾನೆ. ಹೋದ ವರ್ಷವೇ ನೋಡಿಟ್ಟುಕೊಂಡಿದ್ದೆ” ಎಂದನು. ಆ ಮಾತಿನಲ್ಲಿ ದೂರಿನ ಸ್ವರವಿರಲಿಲ್ಲ. ಅದರಿಂದಲೇ ಅದು ನನ್ನನ್ನು ಹೆಚ್ಚಾಗಿ ನೋಯಿಸಿತು.

ಅಂದಿನಿಂದ, ಒಂದು ತಂಡವು ಯಾರನ್ನು ಕಳೆದುಕೊಳ್ಳಲಾರದು ಎಂಬ ಪ್ರಶ್ನೆಯು ನನ್ನನ್ನು ಬಿಟ್ಟಿಲ್ಲ. ಲೋಕವು ಹೇಳುವ ಉತ್ತರವೇನೋ ಸುಲಭವಾದುದು: ಹೆಚ್ಚು ಗೋಲು ಹಾಕುವವನನ್ನು. ಆದರೆ 1962ರಲ್ಲಿ ಚಿಲಿ ದೇಶದಲ್ಲಿ ನಡೆದ ವಿಶ್ವಕಪ್ಪಿನ ಎರಡನೆಯ ಪಂದ್ಯದಲ್ಲೇ ಬ್ರೆಜಿಲಿನ ಪೆಲೆಯು ಗಾಯಗೊಂಡು ಹೊರಗುಳಿದನು. ಅವನ ಸ್ಥಾನಕ್ಕೆ ಅಮರಿಲ್ಡೊ ಬಂದನು; ಗರಿಂಚನು ಇಮ್ಮಡಿಯಾಗಿ ಆಡಿದನು; ಕಪ್ಪು ಬ್ರೆಜಿಲಿಗೇ ದಕ್ಕಿತು. ಆ ಕೂಟದಲ್ಲೆಲ್ಲ ಬ್ರೆಜಿಲ್ ಆಡಿಸಿದುದು ಹನ್ನೆರಡೇ ಮಂದಿಯನ್ನು. ಎಂದರೆ, ಮುಂದಿನವನು ಹೋದರೂ ಹಿಂದಿನ ಸಾಲು ಒಂದಿಷ್ಟೂ ಕದಲಿರಲಿಲ್ಲ.

ಇದಕ್ಕೆ ಪ್ರತಿಯಾದ ದೃಷ್ಟಾಂತವನ್ನು 2014ರಲ್ಲಿ ಅದೇ ದೇಶವು ಒದಗಿಸಿತು. ಜರ್ಮನಿಯೊಡನೆ ಆಡಬೇಕಾಗಿದ್ದ ಉಪಾಂತ್ಯ ಪಂದ್ಯಕ್ಕೆ ಇಬ್ಬರು ಇಲ್ಲವಾದರು. ನೇಯ್ಮಾರನ ಬೆನ್ನುಮೂಳೆ ಮುರಿದಿತ್ತು. ಹಿಂದಿನ ಸಾಲಿನ ನಾಯಕ ಥಿಯಾಗೊ ಸಿಲ್ವನು ಎರಡನೆಯ ಹಳದಿ ಚೀಟಿಯ ದೆಸೆಯಿಂದ ನಿಷಿದ್ಧನಾಗಿದ್ದನು. ರಾಷ್ಟ್ರಗೀತೆಯ ಸಮಯದಲ್ಲಿ ಆಟಗಾರರು ನೇಯ್ಮಾರನ ಅಂಗಿಯನ್ನು ಎತ್ತಿ ಹಿಡಿದು ನಿಂತುದನ್ನು ನಾನು ನಡುರಾತ್ರಿಯಲ್ಲಿ ಎದ್ದು ಕುಳಿತು ದೂರದರ್ಶನದಲ್ಲಿ ನೋಡಿದೆನು. ಅರ್ಧ ಗಂಟೆ ಕಳೆಯುವುದರೊಳಗೆ ಜರ್ಮನಿಯು ಐದು ಗೋಲುಗಳನ್ನು ಹಾಕಿತ್ತು, ಕೊನೆಗೆ 7-1. ದೇಶವೆಲ್ಲ ಒಬ್ಬನಿಗಾಗಿ ಮರುಗುತ್ತಿದ್ದಾಗ, ಬಾಗಿಲು ಮುರಿದುದು ಮತ್ತೊಬ್ಬನು ಕಾಯುತ್ತಿದ್ದ ಕಡೆಯಲ್ಲಿ.

ಸ್ಪೇನಿನ ರಿಯಲ್ ಮ್ಯಾಡ್ರಿಡ್ ಸಂಸ್ಥೆಯ ಕಥೆಯಂತೂ ನನ್ನ ಕಥೆಯೇ ಸರಿ. 2003ರ ಬೇಸಗೆಯಲ್ಲಿ ಅವರು ಜಗತ್ಪ್ರಸಿದ್ಧನಾದ ಬೆಕ್‌ಹ್ಯಾಮನನ್ನು ಬರಮಾಡಿಕೊಂಡರು. ನಡುವೆ ನಿಂತು ಎದುರಾಳಿಗಳ ಚೆಂಡನ್ನು ತಡೆದು ಪಕ್ಕದವರಿಗೆ ಒಪ್ಪಿಸುತ್ತಿದ್ದ ಮಕಲೇಲೆಯು ಹೆಚ್ಚು ಸಂಬಳವನ್ನು ಕೇಳಲು, ಕೊಡಲೊಲ್ಲದೆ ಇಂಗ್ಲೆಂಡಿನ ಚೆಲ್ಸಿಗೆ ಮಾರಿದರು. ತಾರೆಗಳಿಂದ ತುಂಬಿದ ಆ ತಂಡವು ಆ ವರ್ಷದ ಲೀಗಿನ ಕಡೆಯ ಐದು ಪಂದ್ಯಗಳನ್ನೂ ಸೋತು ನಾಲ್ಕನೆಯ ಸ್ಥಾನಕ್ಕಿಳಿಯಿತು. ಲೀಗಿನ ಪದವಿಯು ಮರಳಿ ದೊರೆತುದು 2007ರಲ್ಲಿ. ಚೆಲ್ಸಿಯಾದರೋ 2005ರಲ್ಲಿ, 38 ಪಂದ್ಯಗಳಲ್ಲಿ 15 ಗೋಲುಗಳನ್ನು ಮಾತ್ರ ಬಿಟ್ಟುಕೊಟ್ಟು, ಐವತ್ತು ವರ್ಷಗಳ ತರುವಾಯ ತನ್ನ ದೇಶದ ಲೀಗನ್ನು ಗೆದ್ದಿತು. ಇದೆಲ್ಲಕ್ಕೂ ಒಬ್ಬನೇ ಕಾರಣನೆಂದರೆ ಅತಿವ್ಯಾಪ್ತಿಯಾದೀತು. ಆದರೂ ಅನ್ವಯವೂ ವ್ಯತಿರೇಕವೂ ಇಷ್ಟು ಸ್ಪಷ್ಟವಾಗಿ ಒಬ್ಬನ ಕಡೆಗೆ ಬೆರಳು ತೋರುವುದು ವಿರಳ.

ಗೋಲು ಹಾಕುವವನು ಬೇಡವೆಂದು ನನ್ನ ಅಭಿಪ್ರಾಯವಲ್ಲ. ಅವನ ಬೆಲೆಯು ಎಲ್ಲರಿಗೂ ತಿಳಿದಿರುವುದರಿಂದ, ಅವನು ಹೋದಾಗ ಏನು ಹೋಯಿತೆಂಬುದೂ ತಿಳಿಯುತ್ತದೆ. ಆ ಸ್ಥಾನಕ್ಕೆ ಕಾದಿರುವವನೊಬ್ಬನು ಇದ್ದೇ ಇರುತ್ತಾನೆ. ತಡೆಯುವವನ ಕೆಲಸವಾದರೋ ಆಗದೆ ಹೋದ ಗೋಲುಗಳಲ್ಲಿದೆ. ಶಾಸ್ತ್ರಕಾರರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದರು, ನಾವು ಎಣಿಸುವುದಿಲ್ಲ. ಎಣಿಸದುದನ್ನು ಕೈಬಿಡುವುದು ಸುಲಭ, ಕೈಬಿಟ್ಟ ಮೇಲೆ ತುಂಬುವುದು ಕಷ್ಟ. ಆದುದರಿಂದ ತಂಡವು ಕಳೆದುಕೊಳ್ಳಬಾರದವನು ಯಾರೆಂದರೆ, ಯಾರು ಹೋದರೆ ನಷ್ಟವಾಯಿತೆಂದು ಮೊದಲು ಯಾರಿಗೂ ತೋರುವುದಿಲ್ಲವೋ ಅವನು.

ಆ ಬಾಲಕನಿಗೆ ಅದು ಶಾಲೆಯ ಕಡೆಯ ವರ್ಷವಾಗಿತ್ತು. ನನ್ನ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವು ಮರುವರ್ಷ ನನಗೆ ದೊರೆಯಲಿಲ್ಲ. ಆ ಪುಸ್ತಕವು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಅವನ ಹೆಸರಿನ ಮುಂದಿರುವ ಬರಿಯ ಸ್ಥಳವನ್ನು ನೋಡಿದಾಗಲೆಲ್ಲ, ಆ ವರ್ಷ ನಾವು ಗೆದ್ದ ಪಂದ್ಯಗಳ ಲೆಕ್ಕವು ಅಲ್ಲೇ ಇತ್ತಲ್ಲಾ ಎನಿಸುತ್ತದೆ.