ಮೂರನೇ ದಿನದ ಹಳದಿ

ಜೂನ್ 3, ಸೋಮವಾರ

ಸಾಮಾನು ಅರ್ಧಕ್ಕರ್ಧ ಇನ್ನೂ ಗೋಣಿಚೀಲದಲ್ಲೇ ಇದೆ. ಸಾಸಿವೆ ಡಬ್ಬಿ ಸಿಗದೆ ಉಪ್ಪಿಟ್ಟಿಗೆ ಒಗ್ಗರಣೆಯೇ ಬೀಳಲಿಲ್ಲ. ಮಗನ ಶೂ ಒಂದು ಕಾಲಿನದು ಮಾತ್ರ ಕಂಡಿತು, ಇನ್ನೊಂದು ಹೆಗ್ಗಡದೇವನಕೋಟೆಯ ಮನೆಯಲ್ಲೇ ಉಳಿದಿರಬೇಕು. ಚಪ್ಪಲಿಯಲ್ಲೇ ಕಳಿಸಿದೆ. ಇವರು ಬೆಳಗಿನ ಐದಕ್ಕೇ ಡಿಪೋಗೆ ಹೋಗಿದ್ದರು. ಇಷ್ಟು ವರ್ಷ ಅವರು ಹುಣಸೂರಲ್ಲಿ, ನಾವು ಕೋಟೆಯಲ್ಲಿ. ವಾರಕ್ಕೊಂದು ರಜೆಗೆ ಬಂದು ಹೋಗುವ ನೆಂಟರ ಹಾಗಿದ್ದರು. ಈಗ ಒಂದೇ ಸೂರು. ಒಂದೇ ಸೂರಿನಡಿ ಇದ್ದರೂ ಇವತ್ತು ಮುಖ ನೋಡಿದ್ದು ಬಸ್ಸಿನಲ್ಲಿ!

ಹೌದು, ನಾನು ಹತ್ತಿದ ಪಿರಿಯಾಪಟ್ಟಣದ ಬಸ್ಸಿಗೆ ಇವರೇ ಕಂಡಕ್ಟರು. ಹತ್ತಿರ ಬಂದು, ಗುರುತೇ ಇಲ್ಲದವರಂತೆ, "ಆಧಾರ್ ತೋರ್ಸಿ ಮೇಡಂ" ಅಂದರು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಪರವಾಗಿ ಜಗಳಕ್ಕೇ ನಿಂತಳು. "ಕಾರ್ಡು ಮರ್ತು ಬಂದವ್ಳೆ ಅಂದ್ರೆ ಇಳುಸ್ಬುಟ್ಟೀಯೇನಪ್ಪ?" ಕಡೆಗೆ ಸೊನ್ನೆ ಟಿಕೆಟ್ ಹರಿದು ಕೊಟ್ಟರು. 2023ರ ಜೂನ್‌ನಲ್ಲಿ ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ಇವರ ಕೈಯಿಂದ ನಾನು ತೆಗೆದುಕೊಂಡ ಮೊದಲ ಟಿಕೆಟ್ ಇದು.

ವರ್ಗಾವಣೆ ಕೇಳಿದಾಗ ಹುಣಸೂರು ತಾಲ್ಲೂಕಿನಲ್ಲಿ ಚಿತ್ರಕಲಾ ಶಿಕ್ಷಕಿಯ ಜಾಗ ಖಾಲಿ ಇರಲಿಲ್ಲ. ಪಿರಿಯಾಪಟ್ಟಣದ್ದು ಸಿಕ್ಕಿತು. ಕಂಪಲಾಪುರದಲ್ಲಿ ಇಳಿದು ಆಟೋದಲ್ಲಿ ಒಳಕ್ಕೆ ಹೋಗಬೇಕು. ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಅಲ್ಲಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನುಗಳು. ಕಿಟಕಿಯೇ ಇಲ್ಲದ ಎತ್ತರದ ಮನೆಗಳ ಹಾಗೆ ನಿಂತಿವೆ.

ಎಚ್ಚೆಮ್ ಸರ್ ಒಳ್ಳೆಯವರು. "ಡ್ರಾಯಿಂಗಿಗೆ ಅಂತ ರೂಮಿಲ್ಲ ಮೇಡಂ, ಆದ್ರೆ..." ಎಂದು ಬಿಸಿಯೂಟದ ಅಡುಗೆ ಮನೆಗೆ ಅಂಟಿಕೊಂಡ ಕೋಣೆಯ ಬೀಗ ತೆಗೆಸಿದರು. ಕಾಲು ಮುರಿದ ಬೆಂಚು, ತಿರುಗದ ಗ್ಲೋಬು, ಯಾವುದೋ ಚುನಾವಣೆಯ ಮತಗಟ್ಟೆ ಬೋರ್ಡು. ಉತ್ತರಕ್ಕೆ ದೊಡ್ಡ ಕಿಟಕಿ ಇದೆ. ಅದನ್ನು ನೋಡಿದ್ದೇ ನಾನು ಹೂಂ ಅಂದೆ. ಉತ್ತರದ ಬೆಳಕು ವರ್ಷದ ಬಹುಭಾಗ ಇಡೀ ದಿನ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಚಿತ್ರ ಬರೆಯುವವರಿಗೆ ಅದಕ್ಕಿಂತ ಬೇರೆ ಪೀಠೋಪಕರಣ ಬೇಡ.

ಜೂನ್ 6, ಗುರುವಾರ

ಒಂಬತ್ತನೇ ತರಗತಿ. ಹಿಂದಿನ ವರ್ಷದ ಪಾಠ ನೆನಪಿಸುವ ಸೇತುಬಂಧದ ಗಲಾಟೆಯ ನಡುವೆ ಒಂದು ಪಿರಿಯಡ್ ಕೈಗೆ ಬಂತು. ಏನಾದರೂ ಬರೆಯಿರಿ ಅಂದೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ನದಿ, ಒಂದು ತೆಂಗಿನಮರ. ಈ ಚಿತ್ರವನ್ನು ಇಡೀ ರಾಜ್ಯದ ಮಕ್ಕಳಿಗೆ ಹೊಟ್ಟೆಯಲ್ಲಿದ್ದಾಗಲೇ ಯಾರೋ ಕಲಿಸಿ ಕಳಿಸುತ್ತಾರೆ. ಅದರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಕೈ ಪಳಗಲಿಕ್ಕೆ ಅದೂ ಒಂದು ದಾರಿಯೇ.

ಕೊನೇ ಬೆಂಚಿನ ಹುಡುಗನೊಬ್ಬ ಹಾಳೆಯನ್ನು ಖಾಲಿ ಬಿಟ್ಟಿದ್ದ. ಪೆನ್ಸಿಲ್ ಇಲ್ಲವೇನೋ ಅಂದುಕೊಂಡು ಕೊಡಹೋದರೆ, "ಅದೆ ಮಿಸ್. ಬಣ್ಣ ಇಲ್ದೆ ಏನ್ ಬರಿಯದು?" ಅಂದ. ಉದ್ಧಟತನ ಅಂತ ಪಕ್ಕದ ಹುಡುಗಿಯರು ನಕ್ಕರು. ನನಗೆ ಹಾಗನ್ನಿಸಲಿಲ್ಲ.

ಜೂನ್ 16, ಭಾನುವಾರ

ಮಗಳಿಗೆ ಹುಣಸೂರಿನ ಶಾಲೆ ಬಹಳ ಹಿಡಿಸಿದೆ. ಯಾಕೆ ಅಂತ ಕೇಳಿದೆ. "ಇಲ್ಲಿ ನಾನು ಡ್ರಾಯಿಂಗ್ ಮಿಸ್ ಮಗಳಲ್ಲ" ಅಂದಳು. ಏಳನೇ ತರಗತಿವರೆಗೂ ಕೋಟೆಯಲ್ಲಿ ಎಲ್ಲರೂ ಅವಳ ರಂಗೋಲಿ, ಚಾರ್ಟು, ರೆಕಾರ್ಡ್ ಪುಸ್ತಕದ ಮೇಲೆ ಕಣ್ಣಿಟ್ಟಿದ್ದರಂತೆ. ಇಲ್ಲಿ ಕಬಡ್ಡಿ ತಂಡಕ್ಕೆ ಸೇರಿದ್ದಾಳೆ. ಮೊಣಕಾಲು ತರಚಿಕೊಂಡು ಬಂದು ಅದನ್ನು ಪದಕದಂತೆ ತೋರಿಸುತ್ತಾಳೆ.

ಮಧ್ಯಾಹ್ನ ಬೀರುವಿನ ಬಾಗಿಲಿಗೆ ಕಲಾವಿದ ಹಲ್ದಣಕರ್ ಅವರ ದೀಪದ ಹೆಂಗಸಿನ ಪ್ರಿಂಟು ಅಂಟಿಸಿದೆ. ಮೂಲ ಚಿತ್ರ ಇರುವುದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. ಎಷ್ಟೋ ಜನ ಅದನ್ನು ತೈಲಚಿತ್ರ ಅಂದುಕೊಂಡಿದ್ದಾರೆ, ನಿಜಕ್ಕೂ ಅದು ಜಲವರ್ಣ. ಬೆರಳ ಸಂದಿಯಿಂದ ಸೋರುವ ಆ ಕೆಂಪು ಬೆಳಕನ್ನು ನೀರು ಬಣ್ಣದಲ್ಲಿ ತರುವುದು ಎಷ್ಟು ಕಷ್ಟ ಅಂತ ಕುಂಚ ಹಿಡಿದವರಿಗೇ ಗೊತ್ತು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ನಮ್ಮವಳನ್ನು ಐದು ನಿಮಿಷ ಕಿಟಕಿ ಹತ್ತಿರ ಕೂರಿಸಿ ಪೆನ್ಸಿಲ್ ತೆಗೆದೆ, "ಅಮ್ಮಾ, ಮುಗೀತಾ?" ಅಂದಿದ್ದೇ ಎದ್ದು ಹೋದಳು. ಹಲ್ದಣಕರ್ ಅವರ ಅದೃಷ್ಟವೇ ಬೇರೆ.

ಮಗ ಮಾತ್ರ ಬಿಡದೆ ಬರೆಯುತ್ತಾನೆ, ಬರೀ ಕೆಂಪು ಬಸ್ಸು. ಹಿಂದಿನ ಬಾಗಿಲಲ್ಲಿ ಅವರಪ್ಪ.

ಜೂನ್ 27, ಗುರುವಾರ

ಲೆಕ್ಕ ಹಾಕಿದೆ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಹತ್ತಿರ ಬಣ್ಣವೇ ಇಲ್ಲ. ಇದ್ದವರದ್ದೂ ತಮ್ಮನೋ ತಂಗಿಯೋ ಅರ್ಧ ತಿಂದ ಕ್ರೇಯಾನ್ಸ್. ತರಿಸಿ ಅಂತ ಹೇಳಬಹುದು. ಹೊಗೆಸೊಪ್ಪು ಮಾರಾಟವಾಗುವವರೆಗೆ ಈ ಕಡೆ ಯಾರ ಮನೆಯಲ್ಲೂ ದುಡ್ಡು ಆಡುವುದಿಲ್ಲ.

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಓದುವಾಗ ಸಾಂಪ್ರದಾಯಿಕ ಚಿತ್ರಕಲೆಯ ಗುರುಗಳು ಹೇಳುತ್ತಿದ್ದದ್ದು ನೆನಪಾಯಿತು. ಮೈಸೂರು ಶೈಲಿಯ ಹಳಬರು ಅಂಗಡಿಗೆ ಹೋಗಿ ಬಣ್ಣ ತಂದವರಲ್ಲ. ಖನಿಜ, ಸೊಪ್ಪು, ಅಂಟು, ಎಲ್ಲ ತಾವೇ ಅರೆದುಕೊಂಡವರು. ಕರಡು ಗೆರೆಗೆ ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟ ಇದ್ದಿಲು. ಕುಂಚಕ್ಕೆ ಅಳಿಲಿನ ಬಾಲದ ಕೂದಲು. (ಅಳಿಲನ್ನು ನಾವು ಬಿಟ್ಟುಬಿಡೋಣ.)

ಮಣ್ಣು ದುಡ್ಡು ಕೇಳುವುದಿಲ್ಲ. ಪಿರಿಯಾಪಟ್ಟಣದ್ದು ಕೆಂಪು ಮರಳು ಮಿಶ್ರ ನೆಲ, ಹೊಗೆಸೊಪ್ಪು ಇಷ್ಟಪಡುವುದೇ ಅದನ್ನು. ತವರಿನ ಹತ್ತಿ ಹೊಲದ್ದು ಕಪ್ಪು. ಅತ್ತೆಯ ಊರಿನ ಗದ್ದೆ ಬೂದು. ರಾತ್ರಿ ಎರಡೂ ಕಡೆಗೆ ಫೋನ್ ಮಾಡಿದೆ. ಅಮ್ಮ, "ಮಣ್ಣಾ? ಗಿಡ ಇಡ್ತೀಯಾ?" ಅಂದರು.

ಜುಲೈ 7, ಭಾನುವಾರ, ಚುಂಚನಕಟ್ಟೆ ಹತ್ತಿರ

ಅತ್ತೆಯ ಮಂಡಿನೋವು ನೋಡಿಕೊಂಡು ಬರೋಣವೆಂದು ಎಲ್ಲರೂ ಬಂದೆವು. ಅತ್ತೆಗೆ ಕೆ.ಆರ್. ನಗರ ಇವತ್ತಿಗೂ ಎಡತೊರೆಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಹೊಸ ಊರು ಅವರ ಬಾಯಲ್ಲಿ ಇನ್ನೂ 'ಪ್ಯಾಟೆ'. ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ, ಜಲಪಾತದ ಹತ್ತಿರ ಹುಡುಗರನ್ನು ಬಿಡಲಿಲ್ಲ.

ನಾನು ಗದ್ದೆ ಬದುವಿನಲ್ಲಿ ಮಂಕರಿ ಹಿಡಿದು ಕೂತದ್ದು ನೋಡಿ ಅತ್ತೆ ಊರುಗೋಲು ಊರಿಕೊಂಡು ಬಂದರು. "ಮೇಲ್ಗಡೆದು ಬ್ಯಾಡ ಕನವ್ವ, ಅದ್ರಲ್ಲಿ ಗೊಬ್ರ ಅದೆ. ಮೊಳ ಅಗುದು ತಗ" ಅಂದರು. ಅಗೆದೆ. ಮೊಳದ ಕೆಳಗೆ ಜಿಗುಟು ಮಣ್ಣು, ನೀಲಿಗೆ ತಿರುಗಿದ ಬೂದು ಬಣ್ಣ, ಕಲ್ಲಿನ ಒಂದು ಚೂರೂ ಇಲ್ಲ. ಅರವತ್ತು ವರ್ಷ ನಾಟಿ ಹಾಕಿದ ಕಾಲಿಗೆ ನೆಲದ ಪದರ ಗೊತ್ತು. ಹಳೇ ಪಂಚೆಯಲ್ಲಿ ಸೋಸುವುದು, ನೀರಲ್ಲಿ ತಂಗಿಸಿ ತಿಳಿ ಬಸಿಯುವುದು, ಎಲ್ಲ ಅವರೇ ಮಾಡಿಕೊಟ್ಟರು. ಗೋಡೆಗೆ ಸುಣ್ಣ ಕೆಮ್ಮಣ್ಣು ಬಳಿದ ಕಾಲದ ವಿದ್ಯೆ. ಅಂಟಿಗೆ ಬೇಲದ ಮರದ ಗೋಂದು ಹಿತ್ತಲಲ್ಲೇ ಸಿಕ್ಕಿತು.

"ಇಸ್ಕೂಲಲ್ಲಿ ಇದ್ನೂ ಹೇಳ್ಕೊಡ್ತಾರ?" ಅಂತ ಅತ್ತೆ ಇವರನ್ನು ಕೇಳುತ್ತಿದ್ದುದು ಒಳಗೆ ಕೇಳಿಸಿತು. ಇವರು ಏನೋ ಗಂಭೀರವಾಗಿ ಉತ್ತರಿಸಿದರು. ನನ್ನ ಕೆಲಸದ ಬಗ್ಗೆ ಇವರು ಅತ್ತೆಗೆ ವಿವರಿಸುವುದನ್ನು ಕೇಳಿದ್ದು ಅಪರೂಪ.

ಜುಲೈ 20, ಶನಿವಾರ

ಮಳೆ ಬಿಡುವುದೇ ಇಲ್ಲ. ವಯನಾಡಿನ ಕಡೆ ಜೋರಾಗಿದೆಯಂತೆ, ಕಬಿನಿಯಿಂದ ನೀರು ಬಿಡುತ್ತಿದ್ದಾರೆ. ಅಣ್ಣ ಫೋನ್ ಮಾಡಿ ಹೊಳೆದಂಡೆಯ ಹೊಲದ ಚಿಂತೆ ಹೇಳಿದ.

ಮಣ್ಣಿನ ಬಣ್ಣ ಮಕ್ಕಳಿಗೆ ಹಿಡಿಸಿದೆ. ಇದ್ದಿಲು ಮಾಡೋಣ ಎಂದು ಹುಣಸೆ ಕಡ್ಡಿ ತರಲು ಹೇಳಿದ್ದೆ. ಒಂದು ಹೊರೆಯೇ ಬಂತು. ತೊಗಟೆ ಸುಲಿದು ಪೈಪಿನಲ್ಲಿ ತುಂಬಿ ಎರಡೂ ಬಾಯಿ ಜೇಡಿಮಣ್ಣಿನಿಂದ ಮೆತ್ತಿ ಕೆಂಡದಲ್ಲಿಡಬೇಕು. ಒಳಗೆ ಗಾಳಿ ಹೋದರೆ ಇದ್ದಿಲಿನ ಬದಲು ಬೂದಿ. ಬಿಸಿಯೂಟದ್ದು ಗ್ಯಾಸ್ ಒಲೆ, ಅಲ್ಲಿ ಆಗುವುದಿಲ್ಲ. ಕೊನೇ ಬೆಂಚಿನ ಹುಡುಗ ಎದ್ದು ನಿಂತ. "ನಮ್ ಬ್ಯಾರನ್ ಒಲೇಲಿ ಇಡ್ತೀನಿ ಮಿಸ್. ನಾಳಿಂದ ಉರಿ ಹಾಕ್ತೀವಿ."

ಜುಲೈ 24, ಬುಧವಾರ

ಇದ್ದಿಲು ಬಂತು, ಹುಡುಗ ಬರಲಿಲ್ಲ. ತಂಗಿಯ ಕೈಲಿ ಕಳಿಸಿದ್ದಾನೆ. ಒಂದೂ ಮುರಿಯದೆ, ಹಳೇ ಪೇಪರಿನಲ್ಲಿ ಸುತ್ತಿ. ಗೆರೆ ಎಷ್ಟು ಮೆತ್ತಗೆ!

ಆಗಸ್ಟ್ 3, ಶನಿವಾರ

ಬೆಳಗಿನ ಶಾಲೆ ಮುಗಿಸಿ ತರಗತಿಯ ಮೇಷ್ಟ್ರ ಜೊತೆ ಆ ಹುಡುಗನ ಮನೆಗೆ ಹೋದೆ. ಹೊಲದಲ್ಲಿ ಹೆಂಗಸರು ಸೊಪ್ಪು ಮುರಿಯುತ್ತಿದ್ದರು, ಜಗಲಿಯಲ್ಲಿ ಕಡ್ಡಿಗೆ ಕಟ್ಟುತ್ತಿದ್ದರು. ಅಂಗೈಯೆಲ್ಲ ಕಪ್ಪು ಅಂಟು, ಅದು ಸೋಪಿಗೆ ಹೋಗುವುದಿಲ್ಲವಂತೆ. ಹುಡುಗ ಬ್ಯಾರನ್ ಒಲೆಯ ಮುಂದೆ ಕೂತಿದ್ದ, ಕಣ್ಣು ಕೆಂಡದಂತೆ ಕೆಂಪು. ರಾತ್ರಿ ಅವನ ಪಾಳಿ. ಉರಿ ಏರಿದರೆ ಎಲೆ ಕಂದುತ್ತದೆ, ಇಳಿದರೆ ಹಸಿರು ಹಾಗೇ ಉಳಿಯುತ್ತದೆ. ಎರಡೂ ಹರಾಜಿನಲ್ಲಿ ನೆಲಕಚ್ಚುತ್ತವೆ.

ತರಗತಿಯಲ್ಲಿ ಬಾಯಿ ಬಿಡದವನು ಇಲ್ಲಿ ಪಾಠ ಮಾಡಿದ. ಮೊದಲೆರಡು ದಿನ ಸಣ್ಣ ಉರಿ, ಎಲೆ ಹಳದಿಗೆ ತಿರುಗಲಿಕ್ಕೆ. ಆಮೇಲೆ ಏರಿಸುತ್ತಾ ಹೋಗಿ ಎಲೆ ಒಣಗಿಸುವುದು. ಕಡೆಗೆ ಜೋರು ಉರಿ, ನಡುದಂಟು ಒಣಗುವವರೆಗೆ. ಐದಾರು ದಿನದ ಕೆಲಸ. ಬಾಗಿಲ ಸಣ್ಣ ಗಾಜಿನಲ್ಲಿ ಟಾರ್ಚು ಬಿಟ್ಟು ತೋರಿಸಿದ. ನನಗೆ ಎಲ್ಲ ಹಳದಿಯೇ ಕಂಡಿತು. ಅವನು, "ಮೇಲ್ಗಡೆ ಸಾಲು ಮೂರನೇ ದಿನದ ಹಳದಿ ಮಿಸ್. ಕೆಳಗಡೆದು ಇನ್ನ ಎರಡನೇ ದಿನದ್ದು, ಅಂಚಲ್ಲಿ ಹಸಿರು ಅದೆ ನೋಡಿ" ಅಂದ. ದಿಟ್ಟಿಸಿದೆ. ಹೌದು, ಇತ್ತು.

ಬಣ್ಣದ ಚಕ್ರ, ಛಾಯೆ, ಉಪಛಾಯೆ ಎಂದು ನಾನು ಐದು ವರ್ಷ ಓದಿದೆ. ಇವನಿಗೆ ಅದು ನಿದ್ದೆಗೆಟ್ಟು ಬಂದಿದೆ. ಇದಕ್ಕೆ ಖುಷಿಪಡಲೋ, ಹದಿನಾಲ್ಕರ ಹುಡುಗ ರಾತ್ರಿಯಿಡೀ ಒಲೆ ಕಾಯುವುದಕ್ಕೆ ಅವರಪ್ಪನ ಜೊತೆ ಜಗಳ ಆಡಲೋ ತಿಳಿಯಲಿಲ್ಲ. ಹಾಜರಾತಿಯ ಜಗಳವನ್ನು ತರಗತಿಯ ಮೇಷ್ಟ್ರು ಆಡಿದರು. ನಾನು ಅವರು ಕೊಟ್ಟ ಕಾಫಿ ಕುಡಿದೆ.

ಆಗಸ್ಟ್ 8, ಗುರುವಾರ

ಇವತ್ತು ಹುಡುಗ ಬಂದ. ನಾಲ್ಕು ಬಟ್ಟಲು ಮುಂದಿಟ್ಟು ನಿನ್ನ ಹಳದಿಗಳನ್ನು ಮಾಡಿ ತೋರಿಸು ಅಂದೆ. ನಮ್ಮ ಹತ್ತಿರವಿರುವ ಮಣ್ಣಿನಲ್ಲಿ ತಿಳಿ ಹಳದಿ ಸಿಗುವುದಿಲ್ಲ, ಅರಿಸಿನ ಕೊಟ್ಟೆ. ಅದು ಬಿಸಿಲಿಗೆ ಬೇಗ ಮಾಸುತ್ತದೆ, ಸುಣ್ಣ ತಗುಲಿದರೆ ಕೆಂಪಾಗುತ್ತದೆ ಎಂದೂ ಹೇಳಿದೆ. ಹಳೇ ಮೈಸೂರಿನ ಚಿತ್ರಕಾರರು ಹಳದಿಗೆ ರೇವಲ್ಚಿನ್ನಿ ಬಳಸುತ್ತಿದ್ದರು, ನನ್ನ ಹತ್ತಿರ ಅದಿಲ್ಲ. ಅವನು ಅರಿಸಿನಕ್ಕೆ ಅತ್ತೆಯ ಬೂದು ಮಣ್ಣು ಒಂದು ಚಿಟಿಕೆ ಬೆರೆಸಿದ, ಆಮೇಲೆ ತನ್ನ ಹೊಲದ ಕೆಂಪು. ಪಿರಿಯಡ್ ಮುಗಿದರೂ ಏಳಲಿಲ್ಲ. ಹಾಳೆಯಲ್ಲಿ ಗುಡ್ಡವೂ ಇಲ್ಲ, ಸೂರ್ಯನೂ ಇಲ್ಲ. ಬರೀ ಹಳದಿಯ ಪಟ್ಟಿಗಳು, ಒಂದೊಂದರ ಕೆಳಗೂ 'ಮೊದಲ್ನೆ ದಿನ, ಎರಡ್ನೆ ದಿನ' ಅಂತ ಬರೆದಿದ್ದಾನೆ. ಕಾಗುಣಿತ ತಿದ್ದಲಿಲ್ಲ. ಅದು ಕನ್ನಡ ಮೇಡಂ ಇಲಾಖೆ.

ಆಗಸ್ಟ್ 18, ಭಾನುವಾರ

ಇವರಿಗೆ ರಜೆ ಸಿಕ್ಕಿತು, ಬೈಲಕುಪ್ಪೆಗೆ ಹೋದೆವು. ಟಿಬೆಟಿನವರು ಇಲ್ಲಿ ನೆಲೆಯಾದದ್ದು 1961ರಲ್ಲಿ, ನಾಮ್‌ಡ್ರೋಲಿಂಗ್ ಮಠ 1963ರದ್ದು. ಮಗಳು ಚಿನ್ನದ ಬುದ್ಧನ ಮುಂದೆ ಕೂತದ್ದು ಎರಡು ನಿಮಿಷ, ಮೊಮೊ ಅಂಗಡಿಯಲ್ಲಿ ಒಂದು ಗಂಟೆ. ನಾನು ಗೋಡೆಚಿತ್ರ ನೋಡುತ್ತಾ ಹಿಂದುಳಿದೆ. ಅವರ ಥಾಂಕಾ ಚಿತ್ರಗಳಲ್ಲಿ ಮೊದಲು ಅಳತೆಯ ಚೌಕಗಳು, ಆಮೇಲೆ ದೇವರು. ನಮ್ಮ ಶಿಲ್ಪಿಗಳ ತಾಳಮಾನವೂ ಹೀಗೇ. ಬರುವಾಗ ಬಸ್ಸಿನಲ್ಲಿ ಸೀಟಿಲ್ಲ. ಕಂಡಕ್ಟರ್ ಸಾಹೇಬರು ಇನ್ನೊಬ್ಬ ಕಂಡಕ್ಟರನ ಬಸ್ಸಿನಲ್ಲಿ ನಿಂತು ಬರುವ ವೈಭವ ನೋಡಬೇಕಿತ್ತು.

ಸೆಪ್ಟೆಂಬರ್ 6, ಶುಕ್ರವಾರ, ಗೌರಿ ಹಬ್ಬ

ಅಣ್ಣ ಕೋಟೆಯಿಂದ ಬಾಗಿನ ತಂದ. ಮೊರದ ಜೊತೆ ಒಂದು ಸಿಮೆಂಟ್ ಚೀಲ. ಅದರಲ್ಲಿ ಹತ್ತಿ ಹೊಲದ ಕರಿಮಣ್ಣು! "ಅಮ್ಮ ಬಿಡ್ಲಿಲ್ಲ, ಎರಡ್ ತಿಂಗಳಿಂದ ಕಟ್ಟಿಟ್ಟವ್ರೆ" ಅಂದ. ಅರಿಸಿನ ಕುಂಕುಮ ಹಚ್ಚಿ ಒಳಗಿಟ್ಟೆ. ಮಗ ಅದರಲ್ಲೇ ಗಣಪತಿ ಮಾಡಲು ಹೋಗಿ, ಬಿರುಕು ಬಿಟ್ಟು, ಸೊಂಡಿಲು ಬಿದ್ದು, ಅಳು. ಕಡೆಗೆ ಅತ್ತೆಯ ಗದ್ದೆ ಮಣ್ಣಲ್ಲಿ ಮಾಡಿದೆವು.

ಸೆಪ್ಟೆಂಬರ್ 19, ಗುರುವಾರ

ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂತು. ನಿರೀಕ್ಷಿಸಿದ್ದೇ ಆಯಿತು: ಹತ್ತನೇ ತರಗತಿಯ ನನ್ನ ಪಿರಿಯಡ್ ಗಣಿತಕ್ಕೆ ಬೇಕಂತೆ. ಗಣಿತದ ಮೇಷ್ಟ್ರು ಸಭ್ಯರು, ಕೇಳಿ ತೆಗೆದುಕೊಳ್ಳುತ್ತಾರೆ. ಹಿಂದಿನ ಶಾಲೆಗಳಲ್ಲಿ ಸುಮ್ಮನೆ ಬಿಟ್ಟುಕೊಡುತ್ತಿದ್ದೆ, ಪಬ್ಲಿಕ್ ಪರೀಕ್ಷೆ ಇಲ್ಲದ ವಿಷಯಕ್ಕೆ ದನಿ ಎಲ್ಲಿಂದ? ಈ ಸಲ ಚೌಕಾಸಿ ಮಾಡಿದೆ. ಪಿರಿಯಡ್ ತಗೊಳ್ಳಿ, ಶನಿವಾರ ಶಾಲೆ ಬಿಟ್ಟಮೇಲೆ ಒಂದು ಗಂಟೆ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರಲಿ, ಬೇಕಾದ ಮಕ್ಕಳು ಬರಲಿ. ಎಚ್ಚೆಮ್ ಸರ್ ಒಪ್ಪಿದರು. ಮತಗಟ್ಟೆ ಬೋರ್ಡನ್ನೂ ಕೇಳಿ ಪಡೆದೆ. ಹಿಂಬದಿ ಪ್ಲೈವುಡ್, ಹಾಳೆ ಒತ್ತಿಡಲಿಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಸೆಪ್ಟೆಂಬರ್ 28, ಶನಿವಾರ

ಹುಡುಗನ ಅಪ್ಪ ಶಾಲೆಗೆ ಬಂದಿದ್ದರು. ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಿಸೋಣ, ಶನಿವಾರ ಒಂದು ಗಂಟೆ ಬಿಡಿ ಅಂದೆ. ಹಳದಿ ಪಟ್ಟಿಗಳ ಹಾಳೆ ತೋರಿಸಿದೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ನಾಕನೇದು ಸರಿಗಿಲ್ಲ ಮೇಡಂ. ಆ ಟೇಮಿಗೆ ಇನ್ನೊಂಚೂರು ಕೆಂಪು ಹೊಡಿತದೆ" ಅಂದರು. ಮಗ ತಲೆ ಬಗ್ಗಿಸಿ, "ಅದು ಮೊದಲ್ನೆ ಸುತ್ತಿನ ಸೊಪ್ಪು ಕನಪ್ಪ, ತೆಳ್ಳಗಿತ್ತು" ಅಂದ. ಇಬ್ಬರೂ ಅದರ ಮೇಲೆ ವಾದಕ್ಕೆ ಬಿದ್ದರು. ನಾನು ಹೇಳಿದ ಪರೀಕ್ಷೆಯ ಮಾತು ಎಲ್ಲೋ ಉಳಿಯಿತು.

ಹೊರಡುವಾಗ, "ಸೊಪ್ಪು ಮಾರಾಟ ಆಗ್ಲಿ, ನೋಡನ" ಅಂದರು. ಫೀಸು ನೀನೇ ಕಟ್ಟಿಬಿಡು ಅಂತ ರಾತ್ರಿ ಇವರ ಸಲಹೆ. ಬೇಡ ಅನ್ನಿಸುತ್ತದೆ. ದುಡ್ಡು ಅಪ್ಪ ಕಟ್ಟಿದರೆ ಶನಿವಾರ ಹುಡುಗನನ್ನು ಒಲೆಯ ಮುಂದೆ ಕೂರಿಸಲಾರರು. ಅರ್ಜಿಯ ಕೊನೇ ದಿನಾಂಕದವರೆಗೂ ಕಾಯುತ್ತೇನೆ, ಆಗಲೂ ಕಟ್ಟದಿದ್ದರೆ ಇವರ ಮಾತೇ ಸರಿ.

ನಾಳೆ ಮಗಳ ಕಬಡ್ಡಿ ಪಂದ್ಯ, ತಾಲ್ಲೂಕು ಮೈದಾನದಲ್ಲಿ. ಬಣ್ಣದ ಕೈಯಲ್ಲಿ ಬರಬೇಡ ಅಂತ ಕಟ್ಟಪ್ಪಣೆಯಾಗಿದೆ.